ಬಾಣಕ್ಕೆ ಮುಂಚಿನ ಖಾಲಿ ಜಾಗ

ಮಾರ್ಚ್ ೧೨, ಗುರುವಾರ

ನಿದ್ದೆ ಹತ್ತುತ್ತಿಲ್ಲ. ಖಾಲಿ ಜಾಗಕ್ಕಾಗಿ ಆಫೀಸಿನಲ್ಲಿ ತಕರಾರಾಯಿತು ಎಂದರೆ ತಂಗಿ ಬಿದ್ದು ಬಿದ್ದು ನಗುತ್ತಾಳೆ.

ತಂಡದವರೆಲ್ಲ ಕಂಪ್ಯೂಟರ್ ಕೋಡನ್ನು ಒಂದೇ ರೀತಿ ಬರೆಯಲೆಂದು ನಿಯಮ ಮಾಡುವ ಕೆಲಸ ನನ್ನ ತಲೆಗೆ ಬಂದಿತ್ತು. ಕೋಡಿನ ಪ್ರತಿ ತುಂಡಿನ, ಅಂದರೆ ಫಂಕ್ಷನ್ನಿನ ಮೇಲೆ ಅದು ಏನು ತೆಗೆದುಕೊಂಡು ಏನು ಕೊಡುತ್ತದೆಂದು ಒಂದು ಸಾಲು ಬರೆಯಬೇಕು ಎಂದಾಗ ಎಲ್ಲರೂ ಒಪ್ಪಿದರು. ತಕರಾರು ಬಂದದ್ದು ಆ ಸಾಲಿನಲ್ಲಿ ತೆಗೆದುಕೊಳ್ಳುವುದಕ್ಕೂ ಕೊಡುವುದಕ್ಕೂ ನಡುವೆ ಹಾಕುವ ಬಾಣದ ಗುರುತಿಗೆ. ಬಾಣಕ್ಕೆ ಮೊದಲು ಬೇಕಾದಷ್ಟು ಸ್ಪೇಸ್ ತುಂಬಿಸಿ ಎಲ್ಲ ಸಾಲುಗಳ ಬಾಣಗಳನ್ನು ಒಂದರ ಕೆಳಗೊಂದು ನೇರವಾಗಿ ನಿಲ್ಲಿಸುವುದು ಮೇಷ್ಟ್ರ ಅಭ್ಯಾಸ. ಎಲ್ಲರನ್ನೂ ತಿದ್ದುವ ನಮ್ಮ ಹಿರಿಯರಿಗೆ ನಾವಿಟ್ಟ ಹೆಸರು ಅದು. ನನಗೆ ಕೋಡ್ ಕಲಿಸಿದವರೂ ಅವರೇ.

"ಕಣ್ಣಿಗೆ ಹಿತವಾಗಿರ್ಬೇಕಮ್ಮ," ಅಂದರು.

"ಕಣ್ಣಿಗೆ ಸರಿ ಸರ್. ಬೆರಳಿಗೆ?" ಅಂದಳು ಹೊಸದಾಗಿ ಸೇರಿದಾಕೆ. ಅವಳಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಸಾಲು ಅವಳ ಬ್ರೈಲ್ ಪಟ್ಟಿಯ ಮೇಲೆ ಚುಕ್ಕೆಗಳಾಗಿ ಏಳುತ್ತದೆ, ಬೆರಳಲ್ಲಿ ಓದುತ್ತಾಳೆ. "ನೀವೇ ಮುಟ್ಟಿ ನೋಡಿ ಅಕ್ಕ."

ಮುಟ್ಟಿದೆ. ಮೊದಲ ಪದ ಮುಗಿದ ಮೇಲೆ ಪಟ್ಟಿ ನುಣ್ಣಗಿತ್ತು. ಬಾಣ ಹುಡುಕುತ್ತಾ ಬೆರಳು ಪಟ್ಟಿಯ ತುದಿಗೇ ಬಂತು.

"ಸಾಲು ಮುಗೀತು ಅಂದ್ಕೊಂಡು ಅರ್ಧಕ್ಕೇ ಬಿಟ್ಟು ಮುಂದೆ ಹೋಗಿರ್ತೀನಿ," ಅಂದಳು.

ಪದಕ್ಕೂ ಬಾಣಕ್ಕೂ ನಡುವೆ ಒಂದೇ ಸ್ಪೇಸ್ ಎಂದು ನಿಯಮ ಬರೆದೆ. ಮೇಷ್ಟ್ರು "ಆಯ್ತು" ಅಂದರು. ಸಂಜೆ ಮಾತ್ರ ನನಗೆ ಹೇಳದೆ ಹೊರಟುಹೋದರು.

ಮಾಡಿದ್ದು ಸರಿ, ಅದರಲ್ಲಿ ಅನುಮಾನವಿಲ್ಲ. ಆದರೂ ತಿದ್ದಿದ ಕೋಡ್ ಹಲ್ಲುದುರಿದ ಬಾಯಿಯಂತೆ ಕಾಣುತ್ತದೆ. ಈಗಲೂ ಒಂದು ಫೈಲ್ ತೆರೆದು ಕೂತಿದ್ದೇನೆ. ಹೆಬ್ಬೆರಳು ತಾನಾಗಿ ಸ್ಪೇಸ್ ಒತ್ತುತ್ತದೆ, ನಾನು ಅಳಿಸುತ್ತೇನೆ. ಬೆಳಿಗ್ಗೆ ಮೇಷ್ಟ್ರನ್ನು ನಾನೇ ಮೊದಲು ಮಾತಾಡಿಸಬೇಕು. ಏನೆಂದು ಹೇಳಲಿ, ನನಗೂ ಆ ನೇರ ಸಾಲೇ ಇಷ್ಟ ಸರ್, ಆದರೆ ಅವಳ ಬೆರಳಿಗೂ ಬಾಣ ಸಿಗಬೇಕಲ್ಲ ಎಂದೇ?