ಸಂಬಂಧಪಟ್ಟ ಅಮ್ಮನಿಗೆ

ಜುಲೈ ೧೪, ಮಧ್ಯಾಹ್ನ

ನನ್ನನ್ನು ಹೆತ್ತ ಅಮ್ಮನಿಗೆ,

ಇದೇನು ಹೀಗೆ ಕರೆದಳು ಅಂತ ಹುಬ್ಬೇರಿಸಬೇಡ. ಕಳೆದ ಸಲ ಬರೀ ‘ಅಮ್ಮಾ’ ಅಂತ ಬರೆದು ಬುದ್ಧಿ ಬಂತು. ನಿನ್ನ ಮೊಮ್ಮಗಳು ಪೆನ್ನು ಹಿಡಿಯಲು ಬಿಡುವುದಿಲ್ಲ, ಅದಕ್ಕೇ ತಡವಾಯಿತು. ಅವಳು ಗುಂಡಗೆ ಚೆನ್ನಾಗಿದ್ದಾಳೆ. ನಿದ್ದೆ ಬಿಟ್ಟಿರುವವಳು ನಾನು. ಅವಳು ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತಿದ್ದಾಳಾ ಅಂತ ನೋಡುತ್ತಾ ಕೂರುತ್ತೇನೆ.

ಆಗಲೂ ಅದನ್ನೇ ಬರೆದಿದ್ದೆ: ‘ಅಮ್ಮಾ, ನಿದ್ದೆಯಿಲ್ಲ, ಭಯವಾಗುತ್ತೆ, ಒಂದು ನಾಲ್ಕು ದಿನ ಬಂದಿರು.’ ಫೋನ್ ಮಾಡಿದರೆ ನಿನ್ನ ಆಪ್ತ ಸಹಾಯಕರದು ಒಂದೇ ಮಾತು, “ಮೇಡಂ ಮೀಟಿಂಗಲ್ಲಿದ್ದಾರೆ.” ಹಾಗಾಗಿ ಕಚೇರಿಗೇ ಕಾಗದ ಹಾಕಿದೆ. ಮೊಹರಿನ ಸಮೇತ ಉತ್ತರ ಬಂತು: ‘ತಮ್ಮ ಅಹವಾಲನ್ನು ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ.’

ಶಾಸಕಿಯಾಗಿದ್ದಾಗ ನೀನು ಕ್ಷೇತ್ರಕ್ಕೆಲ್ಲ ಅಮ್ಮ. ಆರೋಗ್ಯ ನೀತಿ ಮಂಡಳಿಯ ಅಧ್ಯಕ್ಷೆಯಾದ ಮೇಲೆ ರಾಜ್ಯಕ್ಕೆಲ್ಲ ಅಮ್ಮ. ಇದು ಹೆತ್ತ ಮಗಳದೇ ಕಾಗದ ಅಂತ ಪಾಪ, ಗುಮಾಸ್ತನಿಗೆ ಹೇಗೆ ಗೊತ್ತಾಗಬೇಕು? “ಮನೆಗೆ ಮಾರಿ, ಊರಿಗೆ ಉಪಕಾರಿ” ಅಂತ ನಿನ್ನ ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಆ ವಿಭಾಗ ಸುಮ್ಮನೆ ಕೂರಲಿಲ್ಲ ಬಿಡು. ಮರುವಾರವೇ ಬಾಗಿಲಲ್ಲಿ ನರ್ಸ್! ಹೆರಿಗೆಯಾದವರ ಮನೆಗೇ ನರ್ಸ್ ಹೋಗಬೇಕೆಂದು ಸದನದಲ್ಲಿ ಗಂಟಲು ಹರಿದುಕೊಂಡೆಯಲ್ಲ, ಚುನಾವಣೆ ಸೋತ ಮೇಲೂ ಬಿಡದೆ ಹಿಡಿದು ಸಾಧಿಸಿದೆಯಲ್ಲ, ಅದೇ ಯೋಜನೆ. ಬಾಗಿಲ ಚೌಕಟ್ಟಿಗೆ ತಕ್ಕಡಿ ನೇತುಹಾಕಿ ಮಗುವನ್ನು ತೂಗಿದರು. ಆಮೇಲೆ ನನ್ನ ಮುಖ ನೋಡಿ, “ಮಗುಗೇನೂ ಆಗಿಲ್ಲ, ತೂಗಬೇಕಾಗಿರೋದು ನಿಮ್ಮನ್ನ. ಅಳು ಬಂದ್ರೆ ಅತ್ತುಬಿಡಿ, ಯಾಕೆ ತಡ್ಕೋತೀರಾ?” ಅಂದರು. ಅತ್ತುಬಿಟ್ಟೆ.

ಒಳ್ಳೆಯ ಯೋಜನೆ ಅಮ್ಮ. ನನ್ನ ಸಿಟ್ಟೂ ಅದಕ್ಕೇ. ಕೆಟ್ಟದಾಗಿದ್ದಿದ್ದರೆ ನಿನ್ನ ಹತ್ತಿರ ಜಗಳವಾದರೂ ಆಡಬಹುದಿತ್ತು. ನಾನು ಕರೆದದ್ದು ನಿನ್ನನ್ನು, ಬಂದದ್ದು ಸರ್ಕಾರ.

ಈ ಕಾಗದವನ್ನು ಮನೆ ವಿಳಾಸಕ್ಕೆ ಹಾಕುತ್ತಿದ್ದೇನೆ. ಯಾರಿಗೂ ರವಾನಿಸಬೇಡ, ನೀನೇ ಬಾ. ಬಿ.ಪಿ. ಮಾತ್ರೆ ತಪ್ಪಿಸಬೇಡ. ಚಿಕ್ಕವಳು ದೊಡ್ಡವರನ್ನು ಹರಸಬಾರದು, ಆದರೂ ನೂರು ಕಾಲ ಚೆನ್ನಾಗಿರು.

ನಿನ್ನ ಮಗಳು

ಇನ್ನೊಂದು ಮಾತು: ಹೊರಡುವಾಗ ನರ್ಸ್, “ಬಾಣಂತಿ ಹತ್ರ ತಾಯಿ ಇಲ್ವಾ?” ಅಂತ ಕೇಳಿದರು. ಇಲ್ಲ ಅಂದೆ. ನನ್ನ ಕೈ ಹಿಡಿದುಕೊಂಡು, “ಅಯ್ಯೋ, ಯಾವಾಗ ಹೋದ್ರಮ್ಮಾ?” ಅಂದರು. ತಿದ್ದಬೇಕಿತ್ತು. “ನಾನು ಏಳನೇ ಕ್ಲಾಸಲ್ಲಿದ್ದಾಗ” ಅಂದುಬಿಟ್ಟೆ. ನೀನು ಮೊದಲ ಸಲ ಗೆದ್ದ ವರ್ಷ.