ಮಂಗಳವಾರದ ಸರ್ವೆ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಅಮ್ಮನಿಗೆ,

ನಿನ್ನ ಮಗಳು ಸುಖವಾಗಿದ್ದಾಳೆ. ಮದುವೆಯಾಗಿ ನಲವತ್ತು ದಿನವಾಯಿತು, ಈಗಲೂ ಇವರ ಮುಖ ನೋಡಿದರೆ ಸುಮ್ಮಸುಮ್ಮನೆ ನಗು ಬರುತ್ತದೆ. ಇಂಗ್ಲಿಷ್ ಮೀಡಿಯಂನವಳು ಕೂತು ಕನ್ನಡದಲ್ಲಿ ಬರೆಯುತ್ತಿದ್ದಾಳೆ ಅಂದರೆ ಏನೋ ಇದೆ ಎಂದು ನಿನಗೆ ಆಗಲೇ ಅನಿಸಿರಬೇಕು.

ಮೊದಲು ಸಿಹಿ ಸುದ್ದಿ. ನಗರ ಯೋಜಕರಿಗೆ ಒಂದು ವರ್ಷದ ತರಬೇತಿ ಇದೆ. ಮುಗಿಸಿ ಬಂದವರಿಗೆ ಹಿರಿಯ ಯೋಜಕರ ಹುದ್ದೆ. ನಮ್ಮ ಕಚೇರಿಯಿಂದ ಒಬ್ಬರಿಗೇ ಅವಕಾಶ. ನಾನು ಮಾಡಿದ ಪೇಟೆ ಬೀದಿಯ ನಕ್ಷೆ ಮೆಚ್ಚಿ ಸಾಹೇಬರು ನನ್ನ ಹೆಸರು ಕಳಿಸಿದ್ದಾರೆ. ಬುಧವಾರ ಸಂದರ್ಶನ. ಇವರಂತೂ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಮಾವ ತಾವೇ ಕೋಟು ಹೊಲಿಯುತ್ತೇನೆಂದು ಗುರುವಾರ ತಮ್ಮ ಟೈಲರ್ ಅಂಗಡಿಗೆ ಅಳತೆ ಕೊಡಲು ಕರೆದರು.

ಆ ಅಂಗಡಿಗೆ ಹೋದದ್ದು ಅದೇ ಮೊದಲು, ಆದರೆ ಅದರ ಹಸಿರು ಷಟರ್ ನೋಡಿದ್ದೇ ಗುರುತು ಹತ್ತಿತು. ಹೋದ ವರ್ಷ, ಇವರ ಪರಿಚಯವೇ ಇಲ್ಲದಾಗ, ಆ ಬೀದಿಯ ಸರ್ವೆಗೆ ಹೋಗಿದ್ದೆ. ಬೇರೆ ಬೇರೆ ದಿನ ಎರಡು ಸಲ ಹೋಗಬೇಕೆಂಬುದು ನಿಯಮ. ಅವಸರದಲ್ಲಿ ನಾನು ಹೋದದ್ದು ಒಂದೇ ಸಲ, ಮಂಗಳವಾರ. ಷಟರ್ ಎಳೆದಿತ್ತು. ‘ಖಾಲಿ’ ಎಂದು ಬರೆದುಕೊಂಡೆ; ಖಾಲಿ ಇದ್ದದ್ದನ್ನು ಕೆಡವಿ ಪಾರ್ಕಿಂಗ್ ಮಾಡುವುದು ಯೋಜನೆ. ಮಂಗಳವಾರ ಅವರಿಗೆ ವಾರದ ರಜೆ, ಅಮ್ಮ. ಮಾವ ಇಪ್ಪತ್ತಾರು ವರ್ಷದಿಂದ ಕೂತ ಜಾಗದಲ್ಲಿ ನಾನು ನಕ್ಷೆಯಲ್ಲಿ ಕಾರು ನಿಲ್ಲಿಸಿದ್ದೇನೆ.

ಟೇಪು ಹಿಡಿದ ಮಾವ, ಉಸಿರು ಬಿಡಮ್ಮ, ಹೀಗೆ ಬಿಗಿಹಿಡ್ಕೊಂಡ್ರೆ ಗುಂಡಿ ಹಾರಿ ಸಂದರ್ಶನ ಮಾಡೋರ ಕಣ್ಣಿಗೆ ಬಡಿಯುತ್ತೆ ಅಂದರು. ನಕ್ಕೆ. ನಕ್ಕ ಹಾಗೆ ಮಾಡಿದೆ.

ಶುಕ್ರವಾರ ಸಾಹೇಬರ ಮುಂದೆ ತಪ್ಪು ಒಪ್ಪಿಕೊಂಡೆ. ಒಂದು ಅಂಗಡಿ ತಾನೇ, ತಿದ್ದುಪಡಿ ಅರ್ಜಿ ಕೊಡು, ಅಷ್ಟಕ್ಕೆಲ್ಲ ನಕ್ಷೆ ಬಿದ್ದುಹೋಗಲ್ಲ ಅಂದರು. ಕೊಟ್ಟೆ. ಅಂಗಡಿಯೂ ಉಳಿಯಿತು, ತರಬೇತಿಯೂ ಉಳಿಯಿತು. ಇವರಿಗೆ ಏನೂ ಹೇಳಿಲ್ಲ. ಎಲ್ಲ ಸರಿಹೋಗಿದೆ, ಆದರೂ ನಿನ್ನೆ ರಾತ್ರಿ ಆ ನಕ್ಷೆಯನ್ನು ಮತ್ತೆ ಬಿಡಿಸಿಕೊಂಡು ಕೂತಿದ್ದೆ. ನಿನ್ನ ಮಡಿಲಲ್ಲಿ ಒಂದು ಗಂಟೆ ತಲೆಯಿಟ್ಟು ಮಲಗಬೇಕು ಅನಿಸುತ್ತಿದೆ.

ಅಪ್ಪನಿಗೆ ಸಿಹಿ ಸುದ್ದಿಯಷ್ಟೇ ಓದಿ ಹೇಳು.

ನಿನ್ನ ಪೆದ್ದು ಮಗಳು,
ಪುಟ್ಟಿ

ತಾ.ಕ: ಒಂದು ಮಾತು ಮುಚ್ಚಿಟ್ಟೆ. ಮಂಗಳವಾರ ಆ ಸಾಲಿಗೆಲ್ಲ ರಜೆ. ನಾನು ಖಾಲಿ ಎಂದು ಬರೆದದ್ದು ಏಳು ಅಂಗಡಿ. ಉಳಿದ ಆರರ ವಿಷಯ ಸಾಹೇಬರಿಗೆ ಹೇಳಲಿಲ್ಲ; ಹೇಳಿದರೆ ನಕ್ಷೆಯೇ ವಾಪಸ್, ಬುಧವಾರದ ಸಂದರ್ಶನವೂ ಇಲ್ಲ. ಈ ನಕ್ಷೆಯ ಬಗ್ಗೆ ಕಚೇರಿಯ ಬೋರ್ಡಿಗೆ ಅಂಟಿಸಿದ ನೋಟಿಸನ್ನು ಆ ಆರು ಜನರಲ್ಲಿ ಯಾರೂ ಓದಿಲ್ಲ. ಆಕ್ಷೇಪಣೆಗೆ ನಾಳೆ ಸಂಜೆಯೇ ಕೊನೆ. ನಿನ್ನೆ ಅವರಲ್ಲೊಬ್ಬರು, ಮಾವನ ಪಕ್ಕದ ಅಂಗಡಿಯ ಬೀಗ ರಿಪೇರಿಯವರು, ಸ್ಟೂಲು ಒರೆಸಿ ಕೂರಿಸಿ, ನಮ್ಮ ಬೀದಿ ಸೊಸೆ ದೊಡ್ಡ ಆಫೀಸರ್ ಆಗ್ತಾಳೆ ಅಂದರು. ಆರೂ ಅಂಗಡಿಯ ತಿದ್ದುಪಡಿ ಅರ್ಜಿ ಬರೆದಿಟ್ಟಿದ್ದೇನೆ. ಈ ಪತ್ರ ತಲುಪುವ ಹೊತ್ತಿಗೆ ಕೊಟ್ಟಿರುತ್ತೇನೆ. ಫೋನ್ ಮಾಡಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನು ಕೇಳಿಬಿಡುತ್ತಿದ್ದೆ.