ಹುದ್ದೆ: ಸೊಸೆ

ಮಾವಾರಿಗೆ,

ಮೊದಲು ನಮಸ್ಕಾರ, ಆಮೇಲೆ ಜಗಳ. ನೀವಿದ್ದಾಗ ನಿಮ್ಮೆದುರು ನಿಂತು ಜಗಳವಾಡುವ ಧೈರ್ಯ ನನಗಿರಲಿಲ್ಲ ಎಂದು ತಿಳಿಯಬೇಡಿ. ಧೈರ್ಯವಿತ್ತು, ಪುರುಸೊತ್ತು ಇರಲಿಲ್ಲ. ನಿಮ್ಮ ಅಕ್ಕಿ ಮಿಲ್ಲಿನ ಕೆಲಸವೇ ಅಷ್ಟಿತ್ತು. ಈಗ ಐರ್ಲೆಂಡಿನ ಒಂದು ಸಣ್ಣ ಊರಿನ ಬಾಡಿಗೆ ಮನೆಯಲ್ಲಿ, ಅಡುಗೆಕಟ್ಟೆಯ ಪಕ್ಕ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದೇನೆ. ನಿಮ್ಮ ಸಣ್ಣ ಮಗ ಮಹಾಂತೇಶ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಾರೆ. ನನಗೆ ಇವತ್ತು ರಜೆ. ಇನ್ನು ನೀವು ತಪ್ಪಿಸಿಕೊಳ್ಳುವ ಹಾಗಿಲ್ಲ.

ನನ್ನನ್ನು ಮೊದಲ ಸಲ ಮಿಲ್ಲಿಗೆ ಕರೆದ ದಿನ ನಿಮಗೆ ನೆನಪಿದೆಯೇ? ಮದುವೆಯಾಗಿ ಲಿಂಗಸುಗೂರಿನಿಂದ ಸಿಂಧನೂರಿಗೆ ಬಂದು ಇನ್ನೂ ಕೈಯ ಮೆಹಂದಿ ಪೂರ್ತಿ ಹೋಗಿರಲಿಲ್ಲ. ಭತ್ತದ ಸುಗ್ಗಿ ಜೋರಾಗಿತ್ತು, ನೆಲ್ಲಿನ ಲಾರಿಗಳು ರಸ್ತೆಯವರೆಗೆ ಸಾಲು ನಿಂತಿದ್ದವು, ಗುಮಾಸ್ತನಿಗೆ ಕಾಮಾಲೆಯಾಗಿತ್ತು. ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿ, "ಯವ್ವಾ ಶಿವಲೀಲಾ, ನೀ ಬಿ.ಕಾಂ. ಓದೀಯಲ್ಲ? ನಾಕ್ ದಿನ ಬಂದು ಕೂಡು. ಗುಮಾಸ್ತ ಎದ್ದು ಬಂದ ಮ್ಯಾಲ ಮನಿಗೆ ಹೋಗುವಂತಿ" ಎಂದಿರಿ. ಗುಮಾಸ್ತ ಎದ್ದ, ಆದರೆ ಬೇರೆ ಕಡೆ ಕೆಲಸ ಹಿಡಿದ. ನಿಮ್ಮ ನಾಕು ದಿನ ಎಷ್ಟು ಉದ್ದವಾಯಿತೆಂದರೆ, ಹಮಾಲರ ಮಕ್ಕಳು ಬೆಳೆದು ತಾವೇ ಮೂಟೆ ಹೊರುವಷ್ಟು. ನನಗೆ ಬೇಸರವೇನೂ ಆಗಲಿಲ್ಲ. ಆ ಗದ್ದಲ, ಹೊಟ್ಟಿನ ಧೂಳು, ಬೇಯಿಸಿದ ನೆಲ್ಲಿನ ವಾಸನೆ, ದಲಾಲಿಗಳ ಸುಳ್ಳು, ಎಲ್ಲವೂ ನನಗೆ ಹಿಡಿಸಿತ್ತು. ಅದನ್ನು ನಿಮಗೆ ಹೇಳಬೇಕಾಗಿಯೇ ಇರಲಿಲ್ಲ, ಅಲ್ಲವೇ? ನೀವು ನನ್ನ ಮುಖ ನೋಡಿ ತಿಳಿದಿದ್ದಿರಿ.

ತೌಡಿನ ವಿಷಯ ನೆನಪಿಸುತ್ತೇನೆ. ಒಂದು ಲಾರಿ ತುಂಬುವವರೆಗೂ ತೌಡನ್ನು ಶೆಡ್ಡಿನಲ್ಲಿ ರಾಶಿ ಹಾಕಿ ಇಡುವುದು ನಿಮ್ಮ ಪದ್ಧತಿ. ಅಷ್ಟರಲ್ಲಿ ಅದು ಹುಳಿ ವಾಸನೆ ಹೊಡೆಯುತ್ತಿತ್ತು, ಎಣ್ಣೆ ಕಾರ್ಖಾನೆಯವನು ಮೂಸಿ ನೋಡಿ ದರ ಇಳಿಸುತ್ತಿದ್ದ. ಅವತ್ತಿನ ತೌಡು ಅವತ್ತೇ ಹೋಗಬೇಕು ಎಂದೆ ನಾನು. ಒಂದೇ ಮಿಲ್ಲಿನ ತೌಡಿಗೆ ಲಾರಿ ತುಂಬುವುದಿಲ್ಲ ಎಂದಿರಿ ನೀವು. ಹಾಗಾದರೆ ಇನ್ನೊಂದು ಮಿಲ್ಲಿನ ತೌಡೂ ಸೇರಬೇಕು. ಹತ್ತಿರವಿದ್ದದ್ದು ಮಸ್ಕಿ ರಸ್ತೆಯ ಕ್ಯಾಂಪಿನ ಸತ್ಯಂ ಅವರದು. ಆಂಧ್ರದಿಂದ ಬಂದು ಕಾಲುವೆ ನೀರಿಗೆ ನೆಲೆ ನಿಂತ ಮನೆತನ. ನೀವು ಅವರ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಮಾತು ಬಿಟ್ಟದ್ದು ನೀವು, ನಾನಲ್ಲ. ನಾನು ಫೋನ್ ಹಚ್ಚಿದೆ.

ಮರುದಿನ ಅವರು ಕಾರಿನಿಂದ ಇಳಿಯುವಾಗಲೇ ಕೂಗುತ್ತಿದ್ದರು. "ಸಾವ್ಕಾರು ಎಲ್ಲಿದಾರಮ್ಮಾ? ನಿಮ್ಮ ತೌಡು ನಮ್ಮ ಲಾರಿಗೆ ಹಾಕ್ಬೇಕಾ? ಯಾರದು ಈ ಬುದ್ಧಿ?"

"ನಂದ್ರೀ. ಕೂಡ್ರಿ, ಚಾ ತರಸ್ತೀನಿ."

ಕೂತರು. ಮೊದಲು ಯಾರ ತೌಡು ತುಂಬಬೇಕು, ಲಾರಿ ತಡವಾದರೆ ಯಾರು ಕಾಯಬೇಕು ಎಂದು ವಾದಿಸುತ್ತಾ ಚಹಾ ಆರಿಹೋಯಿತು. ಒಂದು ದಿನ ನಮ್ಮದು ಮೊದಲು, ಒಂದು ದಿನ ಅವರದು ಎಂದು ಮುಗಿಯಿತು. ನೀವು ಒಳಕೋಣೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿರಿ, ಹೊರಗೆ ಬರಲಿಲ್ಲ. ಆಮೇಲೆ ಅವರು ಯಾವ ಕೆಲಸಕ್ಕೂ ನಿಮಗೆ ಫೋನ್ ಮಾಡಲಿಲ್ಲ, ನನಗೇ ಮಾಡುತ್ತಿದ್ದರು. ತವರಿಗೆ ಹೋಗುವ ಬಸ್ಸಿನಲ್ಲಿದ್ದಾಗಲೂ, ಮಸ್ಕಿ ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ ಒಂದು ಕಿವಿ ಮುಚ್ಚಿಕೊಂಡು ಅವರ ಜೊತೆ ಲಾರಿಯ ಜಗಳ ಆಡಿದ್ದೇನೆ.

ಆ ವರ್ಷ ಊರಿನ ಮಿಲ್ಲುಗಳ ಮಾಲೀಕರೆಲ್ಲ ಸೇರಿದ ಊಟದ ದಿನ… ಇದನ್ನು ನೀವು ಮರೆತಿರಲಿಕ್ಕಿಲ್ಲ. ಕಲ್ಯಾಣ ಮಂಟಪದಲ್ಲಿ ಪಂಕ್ತಿ ಕೂತಿತ್ತು. ನಾನು ಮಜ್ಜಿಗೆ ಬಡಿಸುತ್ತಾ ನಿಮ್ಮ ಹಿಂದೆಯೇ ಇದ್ದೆ. ಯಾರೋ ಕೇಳಿದರು, "ತೌಡಿನಾಗೂ ಲಾಭ ತಗದೀರಲ್ರೀ, ಯಾರ ತಲಿ ಇದು?" ನೀವು ನಕ್ಕು, "ನಮ್ಮ ದೊಡ್ಡಾಂವಂದ್ರೀ, ಮತ್ಯಾರದು?" ಎಂದಿರಿ. ಪಕ್ಕದಲ್ಲಿದ್ದ ನನ್ನ ಭಾವ, ನಿಮ್ಮ ದೊಡ್ಡ ಮಗ, ಎಲೆಯಿಂದ ಕಣ್ಣೆತ್ತಲಿಲ್ಲ. ಪಾಪ, ಅವರು ತೌಡನ್ನು ಮುಟ್ಟಿ ನೋಡಿದವರಲ್ಲ. ಕಾರಿನಲ್ಲಿ ಬರುವಾಗ ನೀವೇ ಮಾತು ತೆಗೆದಿರಿ: "ಮಂದ್ಯಾಗ ಹಂಗ ಹೇಳಬೇಕಾಗ್ತದವಾ. ನಿನಗ ಗೊತ್ತೈತಿ, ನನಗ ಗೊತ್ತೈತಿ. ಸಾಕಲ್ಲ?"

ಸಾಕೇ, ಮಾವಾರೇ? ಗೊತ್ತಿದ್ದ ಇಬ್ಬರಲ್ಲಿ ಒಬ್ಬರು ಹೋಗಿಬಿಟ್ಟರೆ?

ನೀವು ಹೋದದ್ದು ಬೆಳಗಿನ ಹೊತ್ತು, ಮಿಲ್ಲಿನ ಅಂಗಳದಲ್ಲೇ. ಎದೆ ಹಿಡಿದುಕೊಂಡು ಮೂಟೆಗಳ ಮೇಲೆ ಕೂತವರು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ಯುವಾಗ ನಿಮ್ಮ ತಲೆ ನನ್ನ ತೊಡೆಯ ಮೇಲಿತ್ತು. ನಾನು ಅತ್ತುಬಿಟ್ಟೆ. ಯಾರಿಗೂ ಕಾಣದಂತೆ ಅಲ್ಲ, ಊರಿಗೆಲ್ಲ ಕೇಳುವಂತೆ ಅತ್ತೆ. ದಿನಕರ್ಮ ಮುಗಿದು ನೆಂಟರು ಹೋದ ಮೇಲೆ ಮಿಲ್ಲಿಗೆ ಹೊರಟವಳನ್ನು ಭಾವಾರು ತಲಬಾಗಿಲಲ್ಲೇ ನಿಲ್ಲಿಸಿದರು. "ಇನ್ಮ್ಯಾಲ ಮಿಲ್ಲಿಗೆ ಬರೂದು ಬ್ಯಾಡವಾ. ಅಪ್ಪ ಇದ್ದಾಗಿನ ಮಾತು ಬ್ಯಾರೆ. ಮಂದಿ ಏನಂದಾರು?" ಮಿಲ್ಲಿನ ಕೀಲಿಗೊಂಚಲನ್ನು ಅವರ ಕೈಯಲ್ಲಿಟ್ಟೆ. ಮಹಾಂತೇಶ ಅವರಿಗೆ ಐರ್ಲೆಂಡಿನ ಆಸ್ಪತ್ರೆಯೊಂದರಿಂದ ನರ್ಸಿಂಗ್ ಕೆಲಸಕ್ಕೆ ಕರೆ ಬಂದು, ನಿಮಗೆ ಇಷ್ಟವಿಲ್ಲವೆಂದು ಅದು ಹಾಗೇ ಉಳಿದಿತ್ತು. ಅವತ್ತು ಸಂಜೆ ನಾನೇ ಹೇಳಿದೆ, "ನಡೀರಿ ಹೋಗೂಣು."

ಇಲ್ಲಿಯ ಮೊದಲ ಚಳಿಗಾಲವನ್ನು ನಿಮಗೆ ಹೇಗೆ ಹೇಳಲಿ? ಮಧ್ಯಾಹ್ನದ ಚಹಾದ ಹೊತ್ತಿಗೇ ಕತ್ತಲು. ನನಗೆ ಸಿಕ್ಕ ಕೆಲಸ ಆಲೂಗಡ್ಡೆ ಆರಿಸಿ ಚೀಲಕ್ಕೆ ತುಂಬುವ ಶೆಡ್ಡಿನಲ್ಲಿ. ಕೈಗವಸು ಹಾಕಿಕೊಂಡರೂ ಬೆರಳುಗಳು ನನ್ನವಲ್ಲ ಎನ್ನಿಸುತ್ತಿತ್ತು. ಅಲ್ಲಿಯವರು ಆಡುವುದೂ ಇಂಗ್ಲಿಷ್, ನಾನು ಕಲಿತದ್ದೂ ಇಂಗ್ಲಿಷ್, ಆದರೆ ಒಂದನ್ನೊಂದು ಗುರುತು ಹಿಡಿಯುತ್ತಿರಲಿಲ್ಲ. "ಸಾರಿ?" ಎಂದು ಎಷ್ಟು ಸಲ ಕೇಳಿದೆನೋ. ಆಮೇಲೆ ಒಂದು ದಿನ ಕೇಳುವುದು ಬಿಟ್ಟು, "ನಿಧಾನವಾಗಿ ಹೇಳಿ, ಅರ್ಥವಾಗುತ್ತದೆ" ಎಂದೆ. ನಿಧಾನವಾಗಿ ಹೇಳಿದರು. ಅಷ್ಟೇ ಇತ್ತು ನೋಡಿ.

ಆ ಶೆಡ್ಡಿನಲ್ಲಿ ಪಾಳಿಯ ಮ್ಯಾನೇಜರ್ ಜಾಗ ಖಾಲಿಯಾದಾಗ ನಾನೂ ಅರ್ಜಿ ಹಾಕಿದೆ. ಮೇಲ್ವಿಚಾರಕಿ ಒಳ್ಳೆಯ ಹೆಂಗಸು, ಕರೆದು ಕೂರಿಸಿ, "ನಿನ್ನ ಕೆಲಸ ನನಗೆ ಗೊತ್ತು. ಆದರೆ ನಿನಗೆ ಮ್ಯಾನೇಜ್‌ಮೆಂಟ್ ಅನುಭವ ಇಲ್ಲವಲ್ಲ" ಎಂದಳು. ಅನುಭವ ಇಲ್ಲ. ನಗು ಬಂತು, ಮಾವಾರೇ, ನಿಜವಾಗಿಯೂ ನಗುವೇ ಬಂತು. ಮನೆಗೆ ಬರುವ ಬಸ್ಸಿನಲ್ಲಿ ಕೂತು ತೀರ್ಮಾನಿಸಿದೆ, ಇಲ್ಲಿಯ ಬಿಸಿನೆಸ್ ಸ್ಕೂಲಿಗೆ ಸೇರುತ್ತೇನೆ ಎಂದು. ಮಹಾಂತೇಶ ಅವರಿಗೆ ಹೇಳಿದರೆ, "ನೀ ಓದ್ಕೋತ ಕೂಡು, ರೊಟ್ಟಿ ನಾ ಬಡೀತೀನಿ" ಎಂದರು. ಅವರ ರೊಟ್ಟಿ ಯಾವ ದೇಶದ ನಕ್ಷೆಯಂತಿರುತ್ತದೋ ಹೇಳಲಾರೆ, ಆದರೆ ಪ್ರವೇಶ ಪರೀಕ್ಷೆ ಮುಗಿಯುವವರೆಗೂ ಅದನ್ನೇ ತಿಂದೆವು.

ಪರೀಕ್ಷೆ ದಾಟಿದೆ. ಸಿಕ್ಕಿಹಾಕಿಕೊಂಡದ್ದು ಅರ್ಜಿಯಲ್ಲಿ. ಏನು ಕೆಲಸ ಮಾಡಿದ್ದೀರಿ, ನಿಮ್ಮ ಕೆಲಸ ಕಣ್ಣಾರೆ ಕಂಡವರು ಯಾರು, ಎಂದು ಕೇಳಿದ್ದರು. ಯುಗಾದಿಗೆ ಇಲ್ಲಿಯ ಕನ್ನಡದವರೆಲ್ಲ ಸೇರಿದಾಗ ಒಬ್ಬ ಬೆಂಗಳೂರಿನ ಹೆಣ್ಣುಮಗಳನ್ನು ಕೇಳಿದೆ. ಆಕೆ, "ಗೃಹಿಣಿ ಅಂತ ಹಾಕ್ಬಿಡಿ. ಗ್ಯಾಪ್ ಬಗ್ಗೆ ಯಾರೂ ಏನೂ ಅಂದ್ಕೊಳಲ್ಲ" ಎಂದಳು.

"ಅದು ಗ್ಯಾಪ್ ಅಲ್ರೀ," ಎಂದೆ. "ಮಿಲ್ಲು."

ಭಾವಾರಿಗೆ ಫೋನ್ ಮಾಡಿದೆ. ನಾನು ಅಲ್ಲಿ ಕೆಲಸ ಮಾಡಿದ್ದೆ ಎಂದು ಮಿಲ್ಲಿನ ಹೆಸರಿನಲ್ಲಿ ನಾಲ್ಕು ಸಾಲು ಬರೆದುಕೊಡಿ ಎಂದು ಕೇಳಿದೆ. ಅವರು, "ಮನಿ ಹೆಣ್ಮಗಳಿಗೆ ಹಂಗೆಲ್ಲ ಹೆಂಗ ಬರದು ಕೊಡೂದವಾ? ಮಂದಿ ನಗ್ತಾರ. ಕೂಲಿಗೆ ಇಟ್ಕೊಂಡಿದ್ರೇನು ಅಂತಾರ" ಎಂದರು. ಕೂಲಿಗೆ ಇಟ್ಟುಕೊಂಡಿದ್ದರೆ ಬರೆದುಕೊಡಬಹುದಿತ್ತು! ಈ ನ್ಯಾಯ ನಿಮಗೆ ಅರ್ಥವಾಗುತ್ತದೆಯೇ? ಕಾಲೇಜಿನವರನ್ನು ವಿಚಾರಿಸಿದರೆ, ಹೇಗಿದ್ದರೂ ಸಂಬಂಧಿಕರು ಬರೆದದ್ದು ನಡೆಯುವುದಿಲ್ಲ ಎಂದರು. ಹೊರಗಿನವರು ಬೇಕಂತೆ. ಆಗ ನನ್ನ ಎದೆ ಹಗುರವಾಯಿತು. ನನ್ನ ಕೆಲಸವನ್ನು ನಿಮಗಿಂತ ಹತ್ತಿರದಿಂದ ಕಂಡ ಹೊರಗಿನವರು ಒಬ್ಬರಿದ್ದರಲ್ಲ.

ಹೌದು, ಸತ್ಯಂ. ನಿಮ್ಮ ಹಗೆ. ಸಿಟ್ಟು ಬಂದರೆ ಬರಲಿ. ಫೋನ್ ಎತ್ತಿದವರೇ, "ಏನಮ್ಮಾ, ಅಲ್ಲಿಂದಾನೂ ಲಾರಿ ಜಗಳಾನಾ?" ಎಂದರು. ವಿಷಯ ಹೇಳಿದೆ. "ನಿಮ್ಮೋರು ಬರೆದು ಕೊಡಲಿಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ಮತ್ತೇನೂ ಕೇಳಲಿಲ್ಲ. ತೆಲುಗಿನಲ್ಲಿ ತಾವು ಹೇಳಿ, ಸಿಂಧನೂರಿನ ವಕೀಲರೊಬ್ಬರಿಂದ ಇಂಗ್ಲಿಷಿಗೆ ಮಾಡಿಸಿ ಕಾಲೇಜಿಗೆ ಪತ್ರ ಕಳಿಸಿದರು. ನನಗೂ ಒಂದು ಪ್ರತಿ ಬಂತು. ಅದರಲ್ಲಿ ಹೀಗಿತ್ತು: "ಈಕೆ ನನ್ನ ಎದುರಾಳಿಯ ಮಿಲ್ಲು ನಡೆಸಿದವಳು. ಈಕೆಯಿಂದ ನನಗೆ ನಷ್ಟವೂ ಆಗಿದೆ, ಲಾಭವೂ ಆಗಿದೆ. ನಷ್ಟವಾದಾಗ ಅದರಲ್ಲಿ ಮೋಸವಿರಲಿಲ್ಲ. ಲಾಭವಾದಾಗ ಅದು ಪುಕ್ಕಟೆ ಇರಲಿಲ್ಲ. ನಮ್ಮ ಮಿಲ್ಲಿಗೆ ಬರುತ್ತೇನೆ ಎಂದಿದ್ದರೆ ನಿಮ್ಮ ಕಾಲೇಜಿಗೆ ಬಿಟ್ಟುಕೊಡುತ್ತಿರಲಿಲ್ಲ." ಮಹಾಂತೇಶ ಇದನ್ನು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಅಪ್ಪ ಹೇಳಬೇಕಾಗಿದ್ದನ್ನು ಎದುರಾಳಿ ಹೇಳಿದ ಎಂದು ಅವರ ಬಾಯಿಗೆ ಬಂದಿರಬೇಕು. ಹೇಳಲಿಲ್ಲ, ನಿಮ್ಮ ಮಗ ತಾನೇ…

ಸಂದರ್ಶನದ ದಿನ ಇಳಕಲ್ ಸೀರೆ ಉಟ್ಟು, ಮೇಲೆ ದಪ್ಪ ಕೋಟು ಹಾಕಿಕೊಂಡು ಹೋದೆ. ಮೇಜಿನ ಆಚೆ ಒಬ್ಬ ನರೆಗೂದಲಿನ ಹೆಂಗಸು, ಒಬ್ಬ ಗಂಡಸು. ಆತ ನನ್ನ ಅರ್ಜಿ ತಿರುವುತ್ತಾ ಕೇಳಿದ, "ಮಿಲ್ಲಿನಲ್ಲಿ ನಿಮ್ಮ ಹುದ್ದೆ ಏನಿತ್ತು?"

"ಸೊಸೆ," ಎಂದೆ.

ಆತ ನಕ್ಕ. ನಾನು ನಗಲಿಲ್ಲ. ಆ ಹೆಂಗಸು ಪೆನ್ನು ಕೆಳಗಿಟ್ಟು, "ಆ ಹುದ್ದೆಯವರು ಏನೇನು ಕೆಲಸ ಮಾಡಬೇಕು?" ಎಂದು ಕೇಳಿದಳು. ಹೇಳಿದೆ. ನೆಲ್ಲು ಕೊಳ್ಳುವುದು, ತೇವ ನೋಡುವುದು, ಹಮಾಲರ ತಕರಾರು ಬಗೆಹರಿಸುವುದು, ಕರೆಂಟು ಹೋದಾಗ ಯಾವ ಗಿರಾಕಿಯನ್ನು ಕಾಯಿಸಬೇಕು, ಯಾರನ್ನು ಕಾಯಿಸಬಾರದು ಎಂದು ಗೊತ್ತು ಮಾಡುವುದು, ತೌಡಿಗಾಗಿ ಹಗೆಯವನಿಗೆ ಫೋನ್ ಮಾಡುವುದು. ನನ್ನ ಇಂಗ್ಲಿಷ್ ಎರಡು ಕಡೆ ಎಡವಿತು, ಎದ್ದು ಮುಂದಕ್ಕೆ ಹೋಯಿತು. ಕೊನೆಗೆ ಆ ಗಂಡಸು ಕೇಳಿದ, "ಇಷ್ಟೆಲ್ಲ ಮಾಡಿದರೂ ನಿಮ್ಮ ಮಾವ ನಿಮಗೊಂದು ಸರಿಯಾದ ಹುದ್ದೆ ಯಾಕೆ ಕೊಡಲಿಲ್ಲ?"

ನಿಮ್ಮನ್ನು ಅವನೆದುರು ಹಗುರ ಮಾಡುವುದು ಸುಲಭವಿತ್ತು. ಮಾಡಲಿಲ್ಲ. ನಿಮ್ಮ ತಪ್ಪನ್ನು ಮುಚ್ಚಿಡಲೂ ಇಲ್ಲ. "ಕೊಟ್ಟರೆ ಎಲ್ಲಿ ಬಿಟ್ಟು ಹೋಗುತ್ತೇನೋ ಎಂಬ ಭಯ ಇದ್ದಿರಬೇಕು. ಕೊಡಲಿಲ್ಲ. ಆದರೂ ಬಿಟ್ಟು ಬಂದೆ," ಎಂದೆ.

ಸೀಟು ಸಿಕ್ಕಿದೆ, ಮಾವಾರೇ. ಸುದ್ದಿ ಬಂದಾಗ ಶೆಡ್ಡಿನಲ್ಲಿ ಊಟದ ಬಿಡುವು. ಮೇಲ್ವಿಚಾರಕಿ ನನ್ನನ್ನು ಅಪ್ಪಿಕೊಂಡಳು, ಅವಳ ಕೈಗವಸಿನ ಮಣ್ಣು ನನ್ನ ಬೆನ್ನಿಗೆ ಹತ್ತಿತು. ಮುಂದಿನ ತಿಂಗಳು ತರಗತಿ ಶುರು. ಓದು ಮುಗಿದ ಮೇಲೆ ಸಿಂಧನೂರಿಗೆ ಬಂದು ಸ್ವಂತ ಮಿಲ್ಲು ಹಾಕುತ್ತೇನೆ. ನಿಮ್ಮ ಮಿಲ್ಲಿನ ಗಿರಾಕಿಗಳನ್ನು ಎಳೆದುಕೊಳ್ಳುತ್ತೇನೆ, ಇದನ್ನು ಮುಂಚೆಯೇ ಹೇಳಿಬಿಡುತ್ತಿದ್ದೇನೆ, ಆಮೇಲೆ ಮೋಸ ಎನ್ನಬೇಡಿ.

ಇನ್ನೊಂದು ಸುದ್ದಿ. ಹೋದ ವಾರ ಭಾವಾರು ತಾವೇ ಫೋನ್ ಮಾಡಿದ್ದರು. ಮಿಲ್ಲು ಒಬ್ಬರ ಕೈಯಲ್ಲಿ ಸಾಗುತ್ತಿಲ್ಲ, ಯಾವಾಗ ಊರಿಗೆ ಬರುತ್ತೀ ಎಂದು ಕೇಳಿದರು. ನಿಮ್ಮ ಮಿಲ್ಲಿಗೆ ನಾ ಬರೂದಿಲ್ರೀ, ಡಿಗ್ರಿ ಮುಗಿಸಿದ ಮಗಳನ್ನ ಮನ್ಯಾಗ ಇಟ್ಕೊಂಡು ನನ್ನ ಯಾಕ ಕೇಳ್ತೀರಿ, ಎಂದೆ. ಅವರ ಮಗಳು, ನಿಮ್ಮ ಮೊಮ್ಮಗಳು ಸುಮಾ, ಆ ಮಾತನ್ನು ಅಲ್ಲೇ ನಿಂತು ಕೇಳಿಸಿಕೊಂಡಿದ್ದಾಳೆ. ಮರುದಿನ ಯಾರನ್ನೂ ಕೇಳದೆ ಮಿಲ್ಲಿಗೆ ಹೋಗಿ ಕೂತಿದ್ದಾಳೆ. ಭಾವಾರು ಎಬ್ಬಿಸಿ ಕಳಿಸಲಿಲ್ಲವಂತೆ.

ನಿನ್ನೆ ಅವಳೇ ಫೋನಿನಲ್ಲಿ ಹೇಳಿದಳು. ಗುರುಗುಂಟಾ ಕಡೆಯ ದಲಾಲಿಯೊಬ್ಬ ಹಸಿ ನೆಲ್ಲು ತುಂಬಿದ ಲಾರಿ ತಂದು ನಿಲ್ಲಿಸಿದನಂತೆ. ಇವಳು ಕೈಹಾಕಿ ನೋಡಿ, "ತೇವ ಭಾಳ ಐತ್ರಿ, ಒಣಗಿಸಿ ತರ್ರಿ" ಎಂದಳಂತೆ. ಅವನು ಇವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಹೋಗವಾ, ನಿಮ್ಮಪ್ಪನ್ನ ಕರಿ" ಎಂದನಂತೆ.

"ಅಪ್ಪ ಊಟಕ್ಕ ಹೋಗ್ಯಾರ್ರೀ," ಎಂದಳಂತೆ ನಿಮ್ಮ ಮೊಮ್ಮಗಳು. "ಮಿಲ್ಲು ನಾ ನೋಡಾಕತ್ತೀನಿ. ಲಾರಿ ತಿರುಗಿಸ್ರಿ."

ತಿರುಗಿಸಿದನಂತೆ.

ಶಿವಲೀಲಾ